ಇನ್ನೂರ ಅರವತ್ತನೇ ಅಕ್ಷರ

"ಎಂಟನೇ ಕ್ಲಾಸು ದಾಟದ ಕೈಗೆ ಮೌಸ್ ಕೊಟ್ರೆ ಏನ್ಮಾಡ್ತದೆ ಗೊತ್ತೇನ್ರಪ್ಪಾ? ಬಾಲ ಹಿಡ್ಕಂಡು ತಿಪ್ಪೆಗೆ ಎಸೀತದೆ!"

ನಗು.

ಒಬ್ಬಿಬ್ಬರದಲ್ಲ. ಪತ್ರ ಬರೆಸಲು ಬಂದಿದ್ದ ಇಪ್ಪತ್ತು ಜನರ ನಗು. ಪಿರಿಯಾಪಟ್ಟಣ ಬಸ್ ಸ್ಟ್ಯಾಂಡಿನ ಎದುರು, ಪತ್ರ ಬರಹಗಾರ ಕಂಠಪ್ಪನ ಅಂಗಡಿ. ಮಾತು ಅವನದು, ಗುರಿ ನಾನು. ನಾನು ಬಾಗಿಲಲ್ಲಿ ನಿಂತಿದ್ದೆ. ಕೈಯಲ್ಲಿ ಸ್ಕ್ರೂಡ್ರೈವರ್.

ಅದನ್ನು ಎಲ್ಲಿ ಇಳಿಸಬಹುದೆಂಬ ಯೋಚನೆ ಬಂದಿದ್ದು ನಿಜ. ನಿಮ್ಮ ಹತ್ತಿರ ಸುಳ್ಳೇಕೆ?

ಆದರೆ ನನ್ನ ಕಣ್ಣು ಕಂಠಪ್ಪನ ಮೇಲಿರಲಿಲ್ಲ. ಅವನ ಬೆನ್ನ ಹಿಂದಿದ್ದ ಕಂಪ್ಯೂಟರಿನ ಮೇಲಿತ್ತು. ನೀಲಿ ಪರದೆ. ಬಿಳಿ ಅಕ್ಷರ. ಡಿಸ್ಕನ್ನು ಅಳಿಸುವ ಮುಂಚೆ ಅದು ಕೇಳುವ ಕೊನೆಯ ಪ್ರಶ್ನೆ. ಇನ್ನೊಂದೇ ಒಂದು ಕೀ ಒತ್ತಿದರೆ ಒಳಗಿದ್ದದ್ದೆಲ್ಲ ಗೋವಿಂದ!

ಆ ಕೀ ಮೇಲೆ ಆಗಲೇ ಒಂದು ಬೆರಳು ಇಳಿಯುತ್ತಿತ್ತು...

ಮೂರು ಹೆಜ್ಜೆ ಹಾಕಿದೆ. ಗೋಡೆಯ ಪ್ಲಗ್ಗಿಗೆ ಕೈ ಹಾಕಿ ಕಿತ್ತೆ. ಬೋರ್ಡು ಸಮೇತ ಬಂತು!

ಪರದೆ ಸತ್ತಿತು. ನಗುವೂ ಸತ್ತಿತು.

"ಯಾರ್ರೀ ಇವನು? ರೌಡೀನಾ?" ಬೆರಳಿನ ಮಾಲೀಕ ಕುರ್ಚಿಯಿಂದ ಜಿಗಿದ. ಹೆಸರು ಚೇತನ್‌ಕುಮಾರ್. ಮೈಸೂರಿನಿಂದ ಬಂದ ಡಿಪ್ಲೊಮಾ ಇಂಜಿನಿಯರ್. ಜುಲೈ ತಿಂಗಳ ಕೆಸರಿನಲ್ಲೂ ಟೈ.

"ಫಾರ್ಮ್ಯಾಟ್ ಮಾಡೋಕೆ ಯಾರ್ ಹೇಳಿದ್ದು?" ಎಂದೆ.

"ಹಾರ್ಡ್ ಡಿಸ್ಕ್ ಕರಪ್ಟ್ ಆಗಿದೆ. ಫೈಲ್ ಓಪನ್ ಆಗ್ತಿಲ್ಲ. ಫಾರ್ಮ್ಯಾಟ್ ಒಂದೇ ದಾರಿ. ನಿನಗೆ ಅರ್ಥ ಆಗಲ್ಲ ಬಿಡು."

"ಒಂದು ಫೈಲ್ ತೆರೀಲಿಲ್ಲ ಅಂತ ಇಡೀ ಡಿಸ್ಕ್ ತೊಳೀತೀರಾ? ನಿಮಗೆ ನೆಗಡಿ ಬಂದ್ರೆ ತಲೆ ತೆಗೆಸ್ತೀರಾ ಸಾರ್?"

ಅವನು ಟೈ ಸರಿ ಮಾಡಿಕೊಂಡ.

ವಿಷಯ ಇಷ್ಟೇ. ಬೆಟ್ಟದಪುರದ ಚಿಕ್ಕಬೀರಮ್ಮನಿಗೆ ಅವಳ ಅಣ್ಣ ಸಾಯುವ ಮುಂಚೆ ಒಂದೂವರೆ ಎಕರೆ ಹೊಲ, ಒಂದು ಬಾವಿ ಬಿಟ್ಟುಕೊಟ್ಟಿದ್ದ. ಅರಿಶಿನ-ಕುಂಕುಮದ ಪಾಲು. ಬಿಳಿ ಹಾಳೆಯ ಮೇಲೆ ಪಾಲುಪಟ್ಟಿ ಬರೆಸಿ ಎಡಗೈ ಹೆಬ್ಬೆಟ್ಟು ಒತ್ತಿದ್ದ. ಆ ಹಾಳೆಯನ್ನು ಅವಳು ತಂಬಾಕು ಬೇಯಿಸುವ ಬ್ಯಾರನ್ನಿನ ಅಟ್ಟದಲ್ಲಿ, ಟ್ರಂಕಿನಲ್ಲಿ ಇಟ್ಟಿದ್ದಳು. ಹೋದ ವಾರ ಬ್ಯಾರನ್ನಿಗೆ ಬೆಂಕಿ ಬಿತ್ತು. ಸೊಪ್ಪಿನ ಜೊತೆ ಹಾಳೆಯೂ ಹದವಾಗಿ ಬೆಂದಿತು.

ಅಣ್ಣನ ಮಗ ಶಿವಶಂಕರ. ಊರಿನ ದೊಡ್ಡ ಕುಳ. ಬೆಂಕಿ ಆರುವ ಮುಂಚೆಯೇ ಹೊಲಕ್ಕೆ ಕಲ್ಲುಕಂಬ ಇಳಿಸಿದ. ಕಟ್ಟೆಯ ಮೇಲೆ ಯಜಮಾನರ ಮುಂದೆ ಎದೆ ಉಬ್ಬಿಸಿ ಮಾತು ಕೊಟ್ಟ. "ನಮ್ಮಪ್ಪನ ಹೆಬ್ಬೆಟ್ಟು ಕಣ್ಣಲ್ಲಿ ತೋರ್ಸಿ. ನಕಲಾದ್ರೂ ಸೈ. ಕಂಬ ನಾನೇ ಕೀಳ್ತೀನಿ. ಶುಕ್ರವಾರ ಮೂರು ಗಂಟೆ ತಂಕ ಟೈಮು. ಆಮೇಲೆ ಬಾವಿ ನಂದು."

ಆಗ ಅವನಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಎರಡು ತಿಂಗಳ ಹಿಂದೆ ಅದೇ ಹಾಳೆಯನ್ನು ಕಂಠಪ್ಪನ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದ್ದರು. 'ಪತ್ರನಿಧಿ' ಎಂಬ ಪ್ರೋಗ್ರಾಂನಲ್ಲಿ ಅದು ಇತ್ತು. ಅಲ್ಲಿ ಕೆಲಸ ಮಾಡುವ ಸುಕನ್ಯ ತೆರೆದು ನೋಡಿಯೂ ಇದ್ದಳು.

ಈಗ ತೆರೆಯುತ್ತಿಲ್ಲ. 'ಫೈಲ್ ಸಿಗುತ್ತಿಲ್ಲ' ಎನ್ನುತ್ತಿದೆ. ಮೂರು ದಿನದಿಂದ.

ಇವತ್ತು ಶುಕ್ರವಾರ. ಗಂಟೆ ಹನ್ನೆರಡಕ್ಕೆ ಐದು ನಿಮಿಷ.

"ಇವ್ಳೇ ಅಳಿಸವ್ಳೆ. ಆ ಕಡೆಯೋರಿಗೆ ಮಾರ್ಕಂಡವ್ಳೆ!" ಕಂಠಪ್ಪ ಸುಕನ್ಯಳ ಕಡೆ ಬೆರಳು ತೋರಿದ. "ಮೂರು ಗಂಟೆ ಒಳಗೆ ಸಿಗ್ಲಿಲ್ಲ ಅಂದ್ರೆ ನಾನೇ ಸ್ಟೇಷನ್ನಿಗೆ ಕರ್ಕಂಡೋಯ್ತೀನಿ."

ಸುಕನ್ಯ ಅಳಲಿಲ್ಲ. ನನ್ನನ್ನು ಫೋನ್ ಮಾಡಿ ಕರೆಸಿದವಳೇ ಅವಳು. ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಮಾದೇವ, ಈ ಇಂಜಿನಿಯರನ್ನ ಯಾರ್ ಕಳ್ಸಿದ್ದು ಗೊತ್ತಾ? ಶಿವಶಂಕರಣ್ಣ. ವಿಷ್ಯ ಗೊತ್ತಾದ ತಕ್ಷಣ, ಪಾಪ ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಜೀಪಲ್ಲಿ ಕೂರ್ಸಿ ಕಳ್ಸವ್ರೆ."

ಎಂಥ ದೊಡ್ಡ ಮನಸ್ಸು! ಜೀಪು ಹೊರಗೇ ನಿಂತಿತ್ತು. ಅದಕ್ಕೆ ಒರಗಿಕೊಂಡು ಶಿವಶಂಕರನ ಬಲಗೈ ಸ್ವಾಮಿ. ಕುತ್ತಿಗೆ ಇಲ್ಲದ ಆಸಾಮಿ. ತಲೆ ನೇರವಾಗಿ ಭುಜಕ್ಕೇ ಬೋಲ್ಟ್ ಮಾಡಿದಂತಿದೆ.

ಮೆಟ್ಟಿಲ ಮೇಲೆ ಕೂತಿದ್ದ ಚಿಕ್ಕಬೀರಮ್ಮ ತಲೆಯೆತ್ತಿದಳು.

"ನೀನು ಮಾಡೀಯಾ ಮಗ?"

"ಮಾಡ್ತೀನಿ ಕಣಜ್ಜಿ."

"ಅಂಗಾರೆ ಆ ಡಬ್ಬ ತಕ್ಕೊಂಡೋಗು. ನನ್ನ ಕಾಗ್ದ ಅದ್ರೊಳಗದೆ. ಯಾವನು ಕೇಳಾನು ನಾನು ನೋಡ್ತೀನಿ."

ಅಷ್ಟು ಸಾಕಾಯಿತು. ಸಿಪಿಯು ಎತ್ತಿ ಬಗಲಿಗೆ ಇಟ್ಟುಕೊಂಡೆ.

"ಲೇ! ಲೇ! ಕಳ್ಳ ನನ್ಮಗ್ನೆ! ಇಡ್ಕಳ್ರೋ!" ಕಂಠಪ್ಪ.

ಹಿಡಿಯಲು ಬಂದವನಿಗೆ ಚಿಕ್ಕಬೀರಮ್ಮನ ಊರುಗೋಲು ಅಡ್ಡ ಬಂತು. ಅರವತ್ತೆಂಟರ ಮುದುಕಿ. ಗುರಿ ಮಾತ್ರ ಹದಿನೆಂಟರದ್ದು!

ನನ್ನ ಎಂ-80 ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು. ಅದರ ಜೀವಮಾನದಲ್ಲಿ ಎರಡನೇ ಸಲ. ಹಿಂದೆ ಸುಕನ್ಯ, ಅವಳ ಮಡಿಲಲ್ಲಿ ಸಿಪಿಯು.

"ಎಲ್ಲಿಗೆ?"

"ರಾವಂದೂರು. ನನ್ನ ಅಂಗಡಿಗೆ."

"ಹನ್ನೆರಡಕ್ಕೆ ಕರೆಂಟ್ ತೆಗೀತಾರೆ! ಮೂರು ಗಂಟೆ ತಂಕ ಇರಲ್ಲ!"

"ಮಂಟಯ್ಯನ ಜನರೇಟರ್ ಅದೆ. ಗಟ್ಟಿಯಾಗಿ ಹಿಡ್ಕೊ."

"ನಿನ್ನನ್ನಾ?"

"ಸಿಪಿಯುನ!"

ಹಿಂದೆ ಜೀಪಿನ ಹಾರನ್.

ಎಂ-80ಗೂ ಜೀಪಿಗೂ ರೇಸು ಎಂದರೆ ಎಮ್ಮೆಗೂ ಬಸ್ಸಿಗೂ ರೇಸು ಇದ್ದಂತೆ. ಆದರೆ ಎಮ್ಮೆಗೆ ಒಂದು ಅನುಕೂಲವಿದೆ. ಅದು ರಸ್ತೆ ಬಿಟ್ಟು ಇಳಿಯಬಲ್ಲದು.

ಊರು ದಾಟಿ ಎರಡು ಮೈಲಿ. ಎದುರಿಗೆ ಬ್ಯಾರನ್ನಿಗೆ ಸೌದೆ ತುಂಬಿಕೊಂಡ ಲಾರಿ. ಇಡೀ ರಸ್ತೆ ಅದರದ್ದೇ. ಲಾರಿಗೂ ಹಳ್ಳಕ್ಕೂ ನಡುವೆ ಎರಡಡಿ ಜಾಗ.

"ಬ್ಯಾಡ ಮಾದೇವಾ...!"

ನುಗ್ಗಿಸಿದೆ. ಸೌದೆಯ ತುದಿ ನನ್ನ ಅಂಗಿಯ ತೋಳನ್ನು ಹರಿದು ಇಟ್ಟುಕೊಂಡಿತು. ಹಿಂದೆ ಬ್ರೇಕಿನ ಕಿರುಚು. ಸ್ವಾಮಿಯ ಬೈಗುಳ. ಲಾರಿ ಡ್ರೈವರನ ಬೈಗುಳ. ಡ್ರೈವರನದ್ದೇ ಚೆನ್ನಾಗಿತ್ತು.

ಎಡಕ್ಕೆ ತಿರುಗಿ ತಂಬಾಕಿನ ಹೊಲದ ಬದುವಿಗೆ ಇಳಿದೆ. ಸೊಪ್ಪು ಮುರಿಯುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು.

"ಏಯ್! ಸೊಪ್ಪು ತುಳೀಬ್ಯಾಡ್ವೋ, ನಿನ್ನ ಮನೆ ಕಾಯೋಗ!"

"ಹಿಂದೆ ಜೀಪ್ ಬತ್ತಾ ಅದೆ ಅಕ್ಕೋ! ಅದಕ್ಕೇಳಿ!"

ಹೇಳಿದರು. ಮಣ್ಣಿನ ಹೆಂಟೆಗಳಲ್ಲಿ ಹೇಳಿದರು. ಜೀಪು ಬದುವಿನ ಮೇಲೆ ಒಂದು ಚಕ್ರ ಇಟ್ಟು, ಪಕ್ಕಕ್ಕೆ ವಾಲಿ, ಕೂತೇ ಬಿಟ್ಟಿತು. ಅರ್ಧ ಗಂಟೆ ಸಿಕ್ಕಿತು ನಮಗೆ.

ರಾವಂದೂರು. ನನ್ನದು ಒಂದು ಷಟರಿನ ಕಂಪ್ಯೂಟರ್ ರಿಪೇರಿ ಅಂಗಡಿ. ಪಕ್ಕದ್ದು ಮಂಟಯ್ಯನದು. ಶಾಮಿಯಾನ, ಮೈಕ್ ಸೆಟ್, ಜನರೇಟರ್. ಸಂಜೆ ಯಾವುದೋ ಮದುವೆ ಮನೆಗೆ ಹೊರಡಲು ಅವನ ಆಟೋ ಸಿದ್ಧವಾಗಿತ್ತು. ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಲೌಡ್‌ಸ್ಪೀಕರ್ ಹಾರ್ನ್.

"ಮಂಟಣ್ಣ, ಕರೆಂಟ್ ಬೇಕು."

"ಯಾವ ಮದ್ವೆ?"

"ಮದ್ವೆ ಅಲ್ಲ. ತಿಥಿ. ಯಾರದ್ದು ಅಂತ ಮೂರು ಗಂಟೆಗೆ ಗೊತ್ತಾಗ್ತದೆ."

ಮಂಟಯ್ಯ ಹೆಚ್ಚು ಕೇಳುವವನಲ್ಲ. ಹಗ್ಗ ಎಳೆದ. ಜನರೇಟರ್ ಕೆಮ್ಮಿತು, ಉಗುಳಿತು, ಗುಡುಗಿತು.

ಸಿಪಿಯುಗೆ ನನ್ನ ಮಾನಿಟರ್ ಸಿಕ್ಕಿಸಿದೆ. ಕೊನೆಯ ಕೀ ಒತ್ತಿರಲಿಲ್ಲವಲ್ಲ, ಡಿಸ್ಕ್ ಬದುಕಿತ್ತು. ಪತ್ರನಿಧಿ ತೆರೆದೆ. ಚಿಕ್ಕಬೀರಮ್ಮನ ಫೈಲು ಒತ್ತಿದೆ.

'ಫೈಲ್ ಸಿಗುತ್ತಿಲ್ಲ.'

ಹೊರಗಿನಿಂದ ಫೋಲ್ಡರಿನಲ್ಲಿ ನೋಡಿದೆ. ಫೈಲು ಕಣ್ಣೆದುರಿಗೇ ಕೂತಿದೆ! ತೆರೆದರೆ ಇಲ್ಲ. ಕಾಪಿ ಮಾಡಲು ಹೋದೆ. ಅದಕ್ಕೂ ಇಲ್ಲ. ಬಾಗಿಲಲ್ಲಿ ಚಪ್ಪಲಿ ಇದೆ, ಮನೆಯಲ್ಲಿ ಯಾರೂ ಇಲ್ಲ ಅನ್ನುವ ಹಾಗೆ.

"ಇದೊಂದೇನಾ, ಬೇರೆಯವೂ ಹಿಂಗೇನಾ?"

"ಗೊತ್ತಿಲ್ಲ. ಇದೊಂದ್ರ ಹಿಂದೆನೇ ಮೂರು ದಿನ ಬಿದ್ದಿದ್ವಿ."

ಒಂದೊಂದಾಗಿ ಒತ್ತುತ್ತಾ ಹೋದೆ. ಬೆಟ್ಟದಪುರದ ಒಬ್ಬ ಗೌಡರದ್ದು... ಇಲ್ಲ. ಅವರ ಬೀಗರದ್ದು... ಇಲ್ಲ. ಭೇರ್ಯದ ಒಬ್ಬ ಮಾಜಿ ಛೇರ್ಮನ್ನರದ್ದು... ಇಲ್ಲವೇ ಇಲ್ಲ! ದೊಡ್ಡ ಮನುಷ್ಯರೆಲ್ಲ ನಾಪತ್ತೆ.

ಆಮೇಲೆ ಒಂದು ಫೋಲ್ಡರ್ ಕಂಡಿತು. 'ಮಾದೇವ ರಾವಂದೂರು.'

ನನ್ನದೇ ರೇಷನ್ ಕಾರ್ಡು.

ಒತ್ತಿದೆ. ಪಟ್ಟನೆ ತೆರೆಯಿತು.

ನನ್ನಪ್ಪ ಚಾಮಯ್ಯ. ಅವ್ವ ಮಾರಮ್ಮ. ಕಾರ್ಡಿನಲ್ಲಿ ಇಬ್ಬರ ಹೆಸರೂ ಇದೆ. ಫೋಲ್ಡರಿನ ಮೇಲೆ ಕಂಠಪ್ಪ ಅದ್ಯಾವುದನ್ನೂ ಬರೆದಿರಲಿಲ್ಲ. ಇವನಿಗೆಲ್ಲ ಇಷ್ಟು ಸಾಕು ಎಂದುಕೊಂಡಿದ್ದ.

"ಸುಕನ್ಯಾ, ಆ ಅಜ್ಜಿಯ ಫೋಲ್ಡರ್ ಹೆಸರು ಪೂರ್ತಿ ಓದು."

ಓದಿದಳು. ಕಂಠಪ್ಪ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತಿದ್ದ. "ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕು ಬೆಟ್ಟದಪುರ ಹೋಬಳಿ ಕಸಬಾ ಗ್ರಾಮದಲ್ಲಿ ವಾಸವಾಗಿರುವ..."

ಅದು ಮೊದಲನೇ ಫೋಲ್ಡರು. ಅದರೊಳಗೆ ಇನ್ನೊಂದು. "ಲೇಟ್ ದೊಡ್ಡಣ್ಣನವರ ಮೊಮ್ಮಗಳೂ ಲೇಟ್ ಬೀರೇಗೌಡರ ಮಗಳೂ ಆದ..."

ಅದರೊಳಗೆ ಮತ್ತೊಂದು. ಅದರೊಳಗೆ ಫೈಲು. ಅಜ್ಜಿಯ ವಂಶವೆಲ್ಲ ಒಂದರ ಹೊಟ್ಟೆಯೊಳಗೊಂದು ಕೂತಿತ್ತು.

"ಕಂಠಪ್ಪ ದೊಡ್ಡ ಮನೆತನದೋರ್ದೆಲ್ಲ ಹಿಂಗೇ ಬರೀತಾರೆ," ಎಂದಳು ಸುಕನ್ಯ. "ಮೂವತ್ತು ವರ್ಷ ಕ್ರಯಪತ್ರ ಬರ್ದವ್ರಲ್ವಾ. ಪತ್ರ ಅಂದ್ರೆ ಪೂರ್ತಿ ವಿಳಾಸ ಇರ್ಬೇಕಂತೆ. ಫೋಲ್ಡರೂ ಪತ್ರವೇ ಅಂತೆ."

"ಎರಡು ತಿಂಗಳ ಹಿಂದೆ ನೀನು ತೆರೆದಾಗಲೂ ಹೆಸ್ರು ಇಷ್ಟೇ ಉದ್ದ ಇತ್ತಾ?"

ಅವಳು ಪರದೆಗೆ ಮೂಗು ತಾಗಿಸಿದಳು.

"ಇಲ್ಲ... ಮೊದಲನೇದ್ರಲ್ಲಿ ಈ ಬಾಲ ಇರ್ಲಿಲ್ಲ. 'ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಶಿವಶಂಕರನ ಹೊಲ...' ಅಯ್ಯೋ! ಸೋಮವಾರ ಸೇರ್ಸಿದ್ರು! ಬ್ಯಾರನ್ ಸುಟ್ಟೋದ ಮೇಲೆ! 'ಈಗ ಇದೇ ಮೂಲ ಪತ್ರ ಇದ್ದಂಗೆ ಕಣಮ್ಮ, ಚಕ್ಕುಬಂದಿ ಇಲ್ದೆ ಇದ್ರೆ ಮರ್ಯಾದೆ ಇರಲ್ಲ' ಅಂದ್ರು!"

ಸಿಕ್ಕಿತು!

ನಿಮಗೆ ಅರ್ಥವಾಯಿತೇ? ಕಂಪ್ಯೂಟರಿಗೆ ಒಂದು ಫೈಲು ಹುಡುಕಲು ವಿಳಾಸ ಬೇಕು. ಹೊರಗಿನ ಫೋಲ್ಡರಿನಿಂದ ಒಳಗಿನ ಫೈಲಿನವರೆಗೆ ಎಲ್ಲ ಹೆಸರನ್ನೂ ಒಂದೇ ಸಾಲಿಗೆ ಜೋಡಿಸಿದ ವಿಳಾಸ. ಆ ಸಾಲಿಗೆ ಮಿತಿ ಇದೆ. ಇನ್ನೂರ ಅರವತ್ತು ಅಕ್ಷರ. ಅಲ್ಲಿಗೆ ಬೇಲಿ. ಬೇಲಿ ದಾಟಿದರೆ ಪ್ರೋಗ್ರಾಂಗೆ ಕಣ್ಣು ಕಾಣುವುದಿಲ್ಲ.

ಸೊಪ್ಪಿನ ಕಡ್ಡಿ ಎಣಿಸುವ ಹಾಗೆ ಪರದೆಯ ಮೇಲೆ ಬೆರಳಿಟ್ಟು ಎಣಿಸಿದೆ. ಎರಡು ಸಲ.

ಮುನ್ನೂರ ಹನ್ನೊಂದು.

ಯಾರೂ ಅಳಿಸಿರಲಿಲ್ಲ. ಯಾರೂ ಕದ್ದಿರಲಿಲ್ಲ. ಅಜ್ಜಿಯ ಹಾಳೆಯನ್ನು ಮರ್ಯಾದೆಯ ಭಾರ ಹಾಕಿ ಮುಳುಗಿಸಿದ್ದರು. ಮರ್ಯಾದೆ ಇಲ್ಲದ ನನ್ನ ಕಾರ್ಡು ಮೇಲೆ ತೇಲುತ್ತಿತ್ತು.

ಹೊರಗಿನ ಫೋಲ್ಡರ್ ಹಿಡಿದೆ. ಹೆಸರಿನ ಮೇಲೆ ಕ್ಲಿಕ್ ಮಾಡಿದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಹಳ್ಳ, ಓಣಿ, ಎಲ್ಲ ಒರೆಸಿದೆ. ಒಂದೇ ಅಕ್ಷರ ಒತ್ತಿದೆ. 'ಎ'.

ಫೈಲು ಒತ್ತಿದೆ.

ಹಳದಿ ಹಾಳೆ ಪರದೆಯ ಮೇಲೆ ಬಿಚ್ಚಿಕೊಂಡಿತು. ಕೆಳಗೆ, ನೇರಳೆ ಇಂಕಿನಲ್ಲಿ, ಒಂದು ದಪ್ಪ ಹೆಬ್ಬೆಟ್ಟು. ಅಡ್ಡಕ್ಕೆ ಒಂದು ಗಾಯದ ಗೆರೆ.

ಸುಕನ್ಯ ಆಗ ಅತ್ತಳು. ಮೂರು ದಿನದ್ದು ಒಟ್ಟಿಗೇ.

"ಆಮೇಲೆ ಅಳು. ಪ್ರಿಂಟರಿಗೆ ಹಾಳೆ ಹಾಕು!"

ಪ್ರಿಂಟರ್ ಕರಕರ ಅಂತ ಮೊದಲ ಸಾಲು ತೆಗೆಯಿತು. ಹೊರಗೆ ಜೀಪು ನಿಂತ ಸದ್ದು.

ಮಂಟಯ್ಯ ಬಾಗಿಲಿಗೆ ಬಂದ. ಜೀಪು ನೋಡಿದ. ನನ್ನನ್ನು ನೋಡಿದ. ಒಂದು ಮೈಕ್ ತಂದು ನನ್ನ ಮೇಜಿನ ಮೇಲಿದ್ದ ಟವೆಲಿನ ಕೆಳಗೆ ತೂರಿಸಿದ. ಹೊರಗೆ ಹೋದ.

ಸ್ವಾಮಿ ಒಳಗೆ ಬಂದ. ಮೈಯೆಲ್ಲ ಕೆಸರು. ಕೈಯಲ್ಲಿ ಜೀಪಿನ ಜಾಕ್ ರಾಡ್.

"ಏನ್ಲಾ ಮಾದೇವ, ಬಲೇ ಓಡಿಸ್ದೆ."

"ಬನ್ನಿ ಸ್ವಾಮಣ್ಣ. ಗದ್ದೆ ನಾಟಿಗೆ ಹೋಗಿದ್ರಾ?"

"ತಮಾಸೆ ಬುಡು. ಆ ಹಾಳೆ ಸಿಕ್ತಾ?"

"ಸಿಕ್ರೆ?"

"ಸಿಕ್ರೂ ಸಿಕ್ಕಿಲ್ಲ ಅಂತಲೇ ಅನ್ನು. ಶಿವಶಂಕರಣ್ಣ ಹೇಳವ್ರೆ. ಆ ಹೆಬ್ಬೆಟ್ಟು ಅವ್ರಪ್ಪಂದೇ ಅಂತ ಅವ್ರಿಗೂ ಗೊತ್ತು. ಅದಕ್ಕೇ ಆಚೆಗೆ ಬರ್ಬಾರ್ದು. ಮುದ್ಕಿ ಇನ್ನೆಷ್ಟು ದಿನ ಇದ್ದಾಳು? ಬಾವಿ ನಮ್ಗೆ ಬೇಕು, ಅಷ್ಟೆ. ನಿನ್ನ ಕೈ ಮುರೀಬೇಕಾ, ಡಬ್ಬ ಮುರೀಬೇಕಾ, ನೀನೇ ಹೇಳು."

"ಇನ್ನೊಂದು ಸಲ ಹೇಳಿ ಅಣ್ಣ. ಜನರೇಟರ್ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ."

"ಬಾವಿ ನಮ್ಗೆ ಬೇಕು ಅಂದೆ!"

'...ಬೇಕು ಅಂದೆ...ಅಂದೆ...' ಎಂದಿತು ರಾವಂದೂರು.

ನಾಲ್ಕು ದಿಕ್ಕಿಗೆ. ನಾಲ್ಕು ಹಾರ್ನ್! ಮೊದಲಿನ ಮಾತೂ ಹಾಗೇ ಹೋಗಿತ್ತು; ಈಗ ಕೂಗಿದ್ದಕ್ಕೆ ಅವನಿಗೂ ಕೇಳಿಸಿತು.

ಸ್ವಾಮಿ ಹೊರಗೆ ತಿರುಗಿ ನೋಡಿದ. ಕುತ್ತಿಗೆ ಇಲ್ಲವಲ್ಲ, ಇಡೀ ಮೈ ತಿರುಗಿಸಬೇಕಾಯಿತು. ಹಿಟ್ಟಿನ ಗಿರಣಿಯ ಜನ, ಹೋಟೆಲಿನ ಜನ, ಬಸ್ಸಿಗೆ ಕಾಯುತ್ತಿದ್ದ ಜನ, ಎಲ್ಲ ರಸ್ತೆಗೆ ಬಂದಿದ್ದರು.

ಗಿರಣಿ ನಡೆಸುವ ಪುಟ್ಟಮಾದಮ್ಮ ಮುಂದೆ ಬಂದಳು. ಹಿಟ್ಟಿನಲ್ಲಿ ಮುಳುಗಿ ಎದ್ದಂತಿದ್ದಳು. "ಯಾವನ್ಲಾ ಅವ್ನು, ಮುದ್ಕಿ ಸಾಯ್ಲಿ ಅನ್ನೋನು? ನಾನೂ ಮುದ್ಕೀನೇ ಕಣ್ಲಾ. ಬಾ ಇಲ್ಲಿ!"

ಸ್ವಾಮಿ ಹೋದ. ಆದರೆ ಸುಮ್ಮನೆ ಹೋಗಲಿಲ್ಲ. ಹೋಗುವಾಗ ಜನರೇಟರಿಗೆ ರಾಡಿನಿಂದ ಒಂದು ಕೊಟ್ಟ.

ಕತ್ತಲೆ ಕವಿದಂತೆ ಸದ್ದು ನಿಂತಿತು. ಪ್ರಿಂಟರ್ ಬಾಯಲ್ಲಿ ಹಾಳೆ ಅರ್ಧಕ್ಕೆ. ಪಾಲಿನ ವಿವರ ಬಂದಿತ್ತು. ಹೆಬ್ಬೆಟ್ಟು ಬಂದಿರಲಿಲ್ಲ.

ಗಂಟೆ ಒಂದೂ ಐವತ್ತು.

ಮಂಟಯ್ಯ ಪ್ಲಗ್ ಬಿಚ್ಚಿದ, ಒರೆಸಿದ, ಊದಿದ. ಹಗ್ಗ ಎಳೆದ. ಇಲ್ಲ. ಎಳೆದ. ಇಲ್ಲ. ಜನರೇಟರಿನ ಅಪ್ಪ, ಅಜ್ಜ, ಮುತ್ತಜ್ಜರನ್ನೆಲ್ಲ ಕರೆದ. ಕಂಠಪ್ಪ ಅಲ್ಲಿದ್ದಿದ್ದರೆ ಬರೆದುಕೊಳ್ಳುತ್ತಿದ್ದ. ಹದಿನೇಳನೇ ಸಲಕ್ಕೆ ಹತ್ತಿಕೊಂಡಿತು.

ಆದರೆ ಕಂಪ್ಯೂಟರ್ ಮುನಿಸಿಕೊಂಡಿತ್ತು. ಒಂದೇ ದಿನ ಎರಡು ಸಲ ಹೀಗೆ ಆರಿಸಿದರೆ ಯಾರಿಗಾದರೂ ಬೇಜಾರೇ. ಡಿಸ್ಕ್ ಪರೀಕ್ಷೆ ಮಾಡುತ್ತೇನೆ ಎಂದು ಕೂತಿತು. ಒಂದು ಪರ್ಸೆಂಟ್. ಎರಡು ಪರ್ಸೆಂಟ್... ಬಾಗಿಲಲ್ಲಿ ನಲವತ್ತು ಜನ ಕುತ್ತಿಗೆ ಚಾಚಿ ನಿಂತಿದ್ದರು. "ಐವತ್ತಾಯ್ತು ಕಣ್ಲಾ!" "ತಳ್ಳು, ತಳ್ಳು!" ಬಸ್ಸು ತಳ್ಳುವುದೆಂದುಕೊಂಡಿದ್ದರೇನೋ.

ಎರಡೂ ಇಪ್ಪತ್ತೈದಕ್ಕೆ ಹಾಳೆ ಕೈಗೆ ಬಂತು. ಹೆಬ್ಬೆಟ್ಟು ಸಮೇತ.

ಬೆಟ್ಟದಪುರದ ದಾರಿಯಲ್ಲಿ ಜೀಪು ಎರಡು ಕಡೆ ಕಂಡಿತು. ಹತ್ತಿರ ಬರಲಿಲ್ಲ. ನಮ್ಮ ಮುಂದೆ ಮಂಟಯ್ಯನ ಆಟೋ ಇತ್ತು. ಸ್ವಾಮಿಗೆ ಈಗ ಬಾಯಿ ತೆರೆಯಲೇ ಭಯ.

ಬೆಟ್ಟದ ಬುಡದ ಅರಳಿಕಟ್ಟೆ. ಎರಡೂ ಐವತ್ತೆಂಟು. ನಡುವೆ ಯಜಮಾನ ದೊಡ್ಡಬೀರಯ್ಯ. ಪಕ್ಕದಲ್ಲಿ ಬಿಳಿ ಪಂಚೆಯ ಶಿವಶಂಕರ, ವಾಚು ನೋಡುತ್ತಿದ್ದ. ಬಸ್ಸಿನಲ್ಲಿ ಬಂದು ಸೇರಿದ್ದ ಚಿಕ್ಕಬೀರಮ್ಮ ನೆಲ ನೋಡುತ್ತಿದ್ದಳು. ಕಂಠಪ್ಪನೂ, ಟೈ ಸಡಿಲಿಸಿಕೊಂಡ ಚೇತನ್‌ಕುಮಾರನೂ ಇದ್ದರು. ನನ್ನನ್ನು ಕಳ್ಳನೆಂದು ಗುರುತಿಸಲು.

ಹಾಳೆಯನ್ನು ಯಜಮಾನರ ಕೈಗಿಟ್ಟೆ.

"ಇದು ಕಂಪ್ಯೂಟರ್ ಕಾಗ್ದ!" ಶಿವಶಂಕರ ಎದ್ದ. "ಇಂಥವು ನೂರು ಮಾಡ್ಬೋದು!"

ದೊಡ್ಡಬೀರಯ್ಯ ಹಾಳೆಯನ್ನು ಚಿಕ್ಕಬೀರಮ್ಮನ ಮುಂದೆ ಹಿಡಿದರು.

ಅವಳಿಗೆ ಓದು ಬಾರದು. ಓದಲೂ ಇಲ್ಲ. ಬೆರಳಿನಿಂದ ಆ ಗಾಯದ ಗೆರೆ ಸವರಿದಳು.

"ನಮ್ಮಣ್ಣನ ಬೆರಳು," ಎಂದಳು. "ಸೊಪ್ಪು ಕೊಯ್ಯೋ ಕತ್ತಿ ತಾಗಿತ್ತು. ನಾನೇ ಅರಿಶಿನ ಮೆತ್ತಿದ್ದೆ. ಅಣ್ಣ..."

ಯಜಮಾನರು ಹಾಳೆಯನ್ನು ಶಿವಶಂಕರನ ಕಡೆ ತಿರುಗಿಸಿದರು.

"ಶಿವಶಂಕರ," ದೊಡ್ಡಬೀರಯ್ಯ ತಣ್ಣಗೆ ಹೇಳಿದರು, "ನಕಲಾದ್ರೂ ಸೈ ಅಂದೋನು ನೀನೇ. ಈ ಕಟ್ಟೆ ಮೇಲೇ ಅಂದೆ. ನಿಮ್ಮಪ್ಪನ ಗಾಯ ನಿಂಗೆ ಗುರುತಿಲ್ವಾ? ಇಲ್ಲ ಅನ್ನು, ಜನ ಕೇಳಿಸ್ಕಳ್ಳಿ. ಅನ್ನೋದಾದ್ರೆ ಮಂಟಯ್ಯ ಮೈಕ್ ತಂದವ್ನೆ."

ಶಿವಶಂಕರ ಆಟೋ ನೋಡಿದ. ಪಂಚೆ ಎತ್ತಿ ಕಟ್ಟಿದ. ಹಾರೆ ತೆಗೆದುಕೊಂಡು ಹೊಲದ ಕಡೆ ಹೊರಟ. ಕಂಬ ಕೀಳಲು. ಊರೆಲ್ಲ ಹಿಂದೆ ಹೊರಟಿತು, ಎಣಿಸಲು.

ನಾನು ಸಿಪಿಯುವನ್ನು ಕಂಠಪ್ಪನ ಮುಂದೆ ಇಟ್ಟೆ.

ಅವನು ಥ್ಯಾಂಕ್ಸ್ ಹೇಳಿದ ಎಂದುಕೊಂಡಿರಾ? ಸುಕನ್ಯಳ ಕ್ಷಮೆ ಕೇಳಿದ ಎಂದುಕೊಂಡಿರಾ? ನೀವೂ ಒಳ್ಳೆಯವರೇ! ಅವನು ಸುಕನ್ಯಳನ್ನು ಕೇಳಿದ್ದು ಒಂದೇ. "ಏನ್ ಮಾಡ್ದ ಇವ್ನು?"

"ಫೋಲ್ಡರ್ ಹೆಸ್ರು ಚಿಕ್ಕದು ಮಾಡ್ದ. 'ಎ' ಅಂತ."

"ಎ?!" ಕಂಠಪ್ಪನ ಮುಖ ಕೆಂಪಾಯಿತು. ಉಳಿದಿದ್ದ ಹತ್ತಾರು ಜನರ ಎದುರು, ಕಟ್ಟೆ ಅದುರುವ ಹಾಗೆ ಕೂಗಿದ. "ಎ ಅಂದ್ರೆ ಯಾರ್ಲಾ? ಯಾವೂರು? ಯಾರ ಮಗ? ಚಕ್ಕುಬಂದಿ ಎಲ್ಲಿ? ಮೂವತ್ತು ವರ್ಷ ಪತ್ರ ಬರ್ದೋನು ನಾನು, ಎಂಟನೇ ಕ್ಲಾಸು ದಾಟದೋನು ನಂಗೆ ಹೆಸ್ರು ಇಡೋದು ಕಲಿಸ್ತೀಯಾ? ಹೇಳ್ಲಾ! ಬಾಯಿಲ್ವಾ?"

ಚೇತನ್‌ಕುಮಾರ್ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಪೆನ್ನಿನ ಕ್ಯಾಪ್ ಬಿಚ್ಚಿ ನಿಂತಿದ್ದ. ಉತ್ತರ ಬರೆದುಕೊಳ್ಳಲು.

ನಾನು ಸ್ಕ್ರೂಡ್ರೈವರನ್ನು ಜೇಬಿಗೆ ಇಳಿಸಿದೆ. ತಿರುಗಿದೆ. ನಡೆದೆ.

ಮುನ್ನೂರ ಹನ್ನೊಂದು ಅಕ್ಷರದ ಕೆಲಸವನ್ನು ಕಂಪ್ಯೂಟರಿಗೆ ಒಂದೇ ಅಕ್ಷರದಲ್ಲಿ ಹೇಳಿದ್ದೆ. ಕಂಠಪ್ಪನಿಗೆ ಆ ಒಂದು ಅಕ್ಷರವೂ ದಂಡ.